ಬೋರಲು ಹಾಕಿದ ಲೋಟ

ನಮ್ಮದು ಎರಡು ಕೋಣೆಯ, ಒಂಬತ್ತು ಜನರ ಮನೆ. ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಅವರ ಮೂರು ಮಕ್ಕಳು, ಕೊನೆಗೆ ನಾನು. ಹದಿನೆಂಟು ವರ್ಷ ನಾನು ಅಜ್ಜಿಯ ಬೆನ್ನಿಗೂ ಚಿಕ್ಕಪ್ಪನ ಮಗಳ ಮೊಣಕಾಲಿಗೂ ನಡುವೆ ಮಲಗಿದ್ದೇನೆ. ಬಚ್ಚಲ ಬಾಗಿಲು ಹಾಕಿಕೊಂಡ ಎರಡನೇ ನಿಮಿಷಕ್ಕೆ ಯಾರಾದರೊಬ್ಬರು ಬಡಿಯುತ್ತಿದ್ದರು. ಅತ್ತರೆ ಎಂಟು ಜನ ಯಾಕೆ ಎಂದು ಕೇಳುತ್ತಿದ್ದರು, ನಕ್ಕರೂ ಕೇಳುತ್ತಿದ್ದರು. ಪ್ರೀತಿಗೇನೂ ಕೊರತೆ ಇರಲಿಲ್ಲ. ಆದರೆ ಮೂಲೆಯೊಂದರಲ್ಲಿ ಸುಮ್ಮನೆ ಕೂತರೆ ಹಣೆ ಮುಟ್ಟಿ ಜ್ವರ ನೋಡುತ್ತಿದ್ದರು. ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಾಗ ಮನೆಯವರೆಲ್ಲ ನನ್ನ ಓದಿಗಾಗಿ ಹಿಗ್ಗಿದರು, ನಾನು ಹಿಗ್ಗಿದ್ದು ಒಂದು ಬಾಗಿಲಿಗಾಗಿ.

ಹಾಸ್ಟೆಲಿನಲ್ಲಿ ಬಾಗಿಲೇನೋ ಇತ್ತು, ಅದರೊಳಗೆ ರೇಡಿಯೋ ಕೂಡ ಇತ್ತು.

ರೇಡಿಯೋ ಎಂದರೆ ನನ್ನ ರೂಮ್‌ಮೇಟ್. ಆ ಹೆಸರಿಟ್ಟವಳು ನಾನೇ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಶುರುವಾಗುತ್ತಿದ್ದಳು: ಕನಸಿನಲ್ಲಿ ಏನು ಕಂಡಿತು, ಮೆಸ್ಸಿನವನಿಗೆ ಯಾಕೆ ಸಿಟ್ಟು ಬಂದಿದೆ, ಬಸ್ಸಿನಲ್ಲಿ ಪಕ್ಕ ಕೂತವಳ ನಾದಿನಿಗೆ ಎಲ್ಲಿ ಆಪರೇಷನ್ ಆಯಿತು. ಹಲ್ಲುಜ್ಜುವಾಗಲೂ ಮಾತು, ಬಾಯಿ ತುಂಬ ನೊರೆ. ಅವಳನ್ನು ಮಾಡುವಾಗ ಬಾಯಿಗೆ ಬೀಗ ಎಂಬ ವಸ್ತುವನ್ನು ಹಾಕಲು ದೇವರು ಮರೆತಿದ್ದ. ಮೂರನೇ ವಾರಕ್ಕೆ ನಾನು ಪುಸ್ತಕವನ್ನು ಗೋಡೆಗೆ ಬೀಸಿ, ‘ಒಂದು ಗಂಟೆ ಬಾಯಿ ಮುಚ್ತೀಯಾ?’ ಎಂದು ಕಿರುಚಿದೆ. ಅವಳು ಅಳುತ್ತಾಳೆ ಅಂದುಕೊಂಡೆ. ಅವಳು ಯೋಚನೆಗೆ ಬಿದ್ದಳು.

ಮರುದಿನ ಮೇಜಿನ ಮೇಲೆ ತನ್ನ ಸ್ಟೀಲ್ ಲೋಟವನ್ನು ಬೋರಲು ಹಾಕಿ ತೋರಿಸಿದಳು.

‘ನೋಡು ಗೂಬೆ, ಇದು ಹಿಂಗಿದ್ರೆ ನಾನು ರೂಮಲ್ಲೇ ಇಲ್ಲ ಅಂದ್ಕೋ. ಒಂದಕ್ಷರ ಆಡಲ್ಲ. ಚೀಟೀನೂ ಬರೆಯಲ್ಲ, ಕೈಸನ್ನೇನೂ ಮಾಡಲ್ಲ. ನೆಟ್ಟಗಿಟ್ಟಾಗ ನನ್ನ ಟೈಮು. ಲೋಟ ತಿರುಗಿಸೋ ಹಕ್ಕು ನಿಂದು, ನಾನು ಮುಟ್ಟೋದೇ ಇಲ್ಲ.’

ಎರಡು ದಿನದ ಆಟ ಎಂದುಕೊಂಡಿದ್ದೆ. ಆದರೆ ಆ ಹುಡುಗಿ ಮಾತಿನಲ್ಲಿ ಎಷ್ಟು ಧಾರಾಳವೋ ಮಾತು ಉಳಿಸಿಕೊಳ್ಳುವುದರಲ್ಲಿ ಅಷ್ಟೇ ಗಟ್ಟಿ. ಒಮ್ಮೆ ಲೋಟ ಬೋರಲಾಗಿದ್ದಾಗ ಬಿಸಿನೀರು ಪಾದದ ಮೇಲೆ ಚೆಲ್ಲಿಕೊಂಡಳು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಒಂಟಿಕಾಲಲ್ಲಿ ಕುಣಿಯುತ್ತ ಹೊರಗೋಡಿ, ಪಕ್ಕದ ರೂಮಿನವರ ಮುಂದೆ ಅಪ್ಪಾ ಅಮ್ಮಾ ಎಂದು ಕೂಗಿ, ಮತ್ತೆ ತುಟಿ ಬಿಗಿದುಕೊಂಡು ಬಂದು ಹಾಸಿಗೆಯ ಮೇಲೆ ಕೂತಳು. ನಾನು ಬಿದ್ದು ಬಿದ್ದು ನಕ್ಕೆ. ಲೋಟ ನೆಟ್ಟಗಿಟ್ಟೆ. ಒಂದೂವರೆ ಗಂಟೆ ಅದೇ ಕಥೆ ಹೇಳಿದಳು.

ನನಗೆ ಅವಳು ಇಷ್ಟವಾಗಿದ್ದಳು, ಅದನ್ನು ಈಗಲಾದರೂ ಹೇಳಬೇಕು. ಸಂಜೆ ಲೋಟ ತಿರುಗಿಸುವ ಹೊತ್ತಿಗೆ ಅವಳ ಮುಖ ಅರಳುವುದನ್ನು ನೋಡಲೆಂದೇ ನಾನು ಕೆಲವೊಮ್ಮೆ ಬೇಗ ತಿರುಗಿಸಿದ್ದುಂಟು. ಇಷ್ಟವಾದವರ ಜೊತೆಯೂ ದಿನವಿಡೀ ಇರಲಾಗದ ಜಾತಿ ನನ್ನದು. ಇದನ್ನು ಯಾರಿಗೆ ಹೇಳಿದರೂ ‘ಹಾಗಾದರೆ ಇಷ್ಟವೇ ಇಲ್ಲ’ ಎಂದು ತೀರ್ಮಾನ ಮಾಡುತ್ತಾರೆ. ಅದಕ್ಕೇ ಹೇಳುವುದನ್ನು ಬಿಟ್ಟಿದ್ದೆ.

ಅವಳ ಅಪ್ಪ ಹಾಲಿನ ವ್ಯಾನು ಓಡಿಸುವವರು. ಮೂರು ತಿಂಗಳಿಗೊಮ್ಮೆ ಅದೇ ವ್ಯಾನಿನಲ್ಲಿ ಮಗಳನ್ನು ನೋಡಲು ಬರುತ್ತಿದ್ದರು. ಮಗಳಿಗೆ ಸಿಕ್ಕ ಮಾತೆಲ್ಲ ಅಪ್ಪನಿಂದ ಕಳೆದು ಬಂದಿರಬೇಕು, ಅಷ್ಟು ಕಡಿಮೆ ಮಾತಿನ ಮನುಷ್ಯ. ಹೋಗುವಾಗ ಪ್ರತಿ ಸಲ ನನಗೆ ಹೇಳುತ್ತಿದ್ದುದು ಒಂದೇ: ‘ನೀನಿದ್ದೀಯ ಅಂತ ಬಿಟ್ಟಿದ್ದೀನಮ್ಮ.’ ಅದು ಬಾಯುಪಚಾರದ ಮಾತಲ್ಲ ಎಂದು ರೇಡಿಯೋ ನನಗೆ ಬಿಡಿಸಿ ಹೇಳಿದ್ದಳು. ಮನೆಯಲ್ಲಿ ಅಮ್ಮನ ಸೊಂಟ ಬಿದ್ದುಹೋಗಿತ್ತು. ಅತ್ತಿಗೆ ಅವಳಿ ಹೆತ್ತಿದ್ದಳು. ಇವಳು ಓದು ಬಿಟ್ಟು ಬಂದರೆ ಸಾಕು ಎಂದು ಅಮ್ಮ, ಅಣ್ಣ, ಅತ್ತಿಗೆ ಮೂವರೂ ಕಾಯುತ್ತಿದ್ದರು. ಅಪ್ಪ ಒಬ್ಬರೇ ಅಡ್ಡ ನಿಂತಿದ್ದರು, ಅದೂ ಒಂದು ಷರತ್ತಿನ ಮೇಲೆ. ಗೊತ್ತಿರುವ ಹುಡುಗಿ ಜೊತೆಗಿದ್ದರೆ ಓದಲಿ, ಗುರುತಿಲ್ಲದ ಊರಲ್ಲಿ ಒಬ್ಬಳೇ ಅಂದರೆ ಬೇಡ.

ವರ್ಷದ ಕೊನೆಗೆ ವಾರ್ಡನ್ ಮೇಡಂ ನೋಟಿಸ್ ಹಚ್ಚಿದರು. ಹೊಸಬರಿಗೆ ಜಾಗ ಬೇಕು, ಎರಡನೇ ವರ್ಷಕ್ಕೆ ಹೋಗುವವರೆಲ್ಲ ತಿಂಗಳ ಕೊನೆಗೆ ಖಾಲಿ ಮಾಡಿ ಹೊರಗೆ ಮನೆ ನೋಡಿಕೊಳ್ಳಬೇಕು. ಎಲ್ಲರೂ ಗೊಣಗಿದರು. ನಾನು ಗೊಣಗಿದಂತೆ ಮಾಡಿದೆ, ಒಳಗೊಳಗೇ ಕುಣಿಯುವಷ್ಟು ಖುಷಿಯಾಗಿತ್ತು. ಕೊನೆಗೂ ಒಂದು ರೂಮು, ಒಂದೇ ಹಾಸಿಗೆ, ಒಬ್ಬಳೇ ನಾನು.

ರೇಡಿಯೋ ನೋಟಿಸನ್ನು ಪೂರ್ತಿ ಓದುವ ಮೊದಲೇ ಮನೆ ಕಟ್ಟಿಬಿಟ್ಟಿದ್ದಳು. ‘ಎರಡು ರೂಮಿಂದು ನೋಡೋಣ ಗೂಬೆ. ಒಳಗಿನ ರೂಮು ನಿಂದು, ಬಾಗಿಲು ಹಾಕ್ಕೊಂಡು ಇರು. ನಾನು ಹೊರಗಿನದ್ರಲ್ಲಿ ಗೋಡೆ ಜೊತೆ ಮಾತಾಡ್ಕೊಂಡಿರ್ತೀನಿ.’

‘ನೋಡೋಣ’ ಎಂದೆ.

ದೊಡ್ಡವರು ‘ನೋಡೋಣ’ ಅಂದರೆ ‘ಇಲ್ಲ’ ಎಂದು ಹಟ ಹಿಡಿದ ಮಕ್ಕಳಿಗೂ ಗೊತ್ತಿರುತ್ತದೆ. ರೇಡಿಯೋಗೆ ಗೊತ್ತಾಗಲಿಲ್ಲ. ಅಥವಾ ನನ್ನ ಬಾಯಿಂದ ಬಂದದ್ದಕ್ಕೆ ಬೇರೆ ಅರ್ಥವಿರುತ್ತದೆ ಎಂದು ನಂಬಿದಳು. ಎರಡು ರೂಮಿನ ಮನೆಯಲ್ಲಿ ಏನಾಗುತ್ತದೆಂದು ನನಗೆ ಗೊತ್ತಿತ್ತು, ಹದಿನೆಂಟು ವರ್ಷದ ಅನುಭವ. ಒಳಗಿನ ರೂಮಿನವಳು ನೀರು ಕುಡಿಯಲು ಹೊರಗಿನ ರೂಮು ದಾಟಬೇಕು. ದಾಟುವಾಗಲೆಲ್ಲ ಒಂದು ಮುಖ ತಲೆಯೆತ್ತಿ ನೋಡುತ್ತದೆ. ಆ ಮುಖ ಎಷ್ಟೇ ಒಳ್ಳೆಯದಿರಲಿ, ಅದು ನೋಡುತ್ತದೆ.

ಅವಳು ಎರಡು ರೂಮಿನ ಮನೆ ಹುಡುಕಿದಳು. ನಾನು ಕದ್ದು ಒಂದು ರೂಮು ಹುಡುಕಿದೆ.

ಒಂಟಿ ರೂಮು ಹುಡುಕುವುದು ಅಷ್ಟು ಸುಲಭವಲ್ಲ. ‘ಒಬ್ಬಳೇನಾ? ಯಾಕೆ, ಏನಾದ್ರೂ ಆಗಿದ್ಯಾ?’ ಎಂದು ಮೊದಲ ಮನೆಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಇನ್ನೊಂದು ಕಡೆ ‘ಪೂರ್ತಿ ಪ್ರತ್ಯೇಕ’ ಎಂದು ತೋರಿಸಿದ ರೂಮಿನ ಮೂಲಕವೇ ಮನೆಯವರೆಲ್ಲ ಟಾಯ್ಲೆಟ್ಟಿಗೆ ಹೋಗಬೇಕಿತ್ತು. ಮೂರನೆಯ ಕಡೆ ಒಂದು ಹಾಲ್, ಆರು ಮಂಚ. ಒಂಟಿಯಾಗಿರಬೇಕು ಎಂದೆ. ಮಾಲೀಕ ತಲೆ ಕೆರೆದುಕೊಂಡು ‘ಮಂಚದ ಸುತ್ತ ಸೀರೆ ಕಟ್ಕೋಮ್ಮ, ಯಾರು ಬೇಡ ಅಂತಾರೆ’ ಅಂದ. ಕಾಲು ಸೋತು ವಾಪಸು ಬಂದಾಗ ರೇಡಿಯೋ ‘ಲೈಬ್ರರಿ ಮುಚ್ಚಿತಾ?’ ಎಂದು ಕೇಳುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ.

ಕೊನೆಗೆ ಒಂದು ಶುಕ್ರವಾರ ಬಡಗಿಯೊಬ್ಬರ ಮನೆ ಸಿಕ್ಕಿತು. ಕೆಳಗೆ ಅವರ ಕಾರ್ಖಾನೆ, ಎಂದರೆ ಒಂದು ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ಹಲಗೆಗಳು, ನೆಲದ ತುಂಬ ಹೊಟ್ಟು. ಹೊರಗಿನ ಮೆಟ್ಟಿಲು ಹತ್ತಿದರೆ ಮಹಡಿಯ ಮೇಲೊಂದು ರೂಮು. ಒಂದು ಕಿಟಕಿ, ಒಂದು ಮಂಚ, ಮೂಲೆಯಲ್ಲಿ ಪುಟ್ಟ ಬಚ್ಚಲು. ಆಚೀಚೆ ಯಾವ ಗೋಡೆಯ ಹಿಂದೆಯೂ ಯಾರೂ ಇಲ್ಲ. ನಡುವೆ ನಿಂತೆ. ನನ್ನ ಉಸಿರು ನನಗೇ ಕೇಳಿಸಿತು. ಯಾಕೋ ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ, ಯಾರೂ ಕಾರಣ ಕೇಳಲಿಲ್ಲ. ಕೆಳಗಿಳಿದು ಬಂದು ‘ತಿಂಗಳ ಕೊನೆಗೆ ಬರ್ತೀನಿ’ ಅಂದೆ.

ಭಾನುವಾರ ಬೆಳಿಗ್ಗೆ ರೇಡಿಯೋ ನನ್ನ ಹಾಸಿಗೆಯ ತುದಿಗೆ ಬಂದು ಕೂತಳು. ಯಾವುದೋ ಎರಡು ರೂಮಿನ ಮನೆ ಕೈಗೆ ಸಿಗುವಂತಿತ್ತು.

‘ಅಪ್ಪ ಶನಿವಾರದವರೆಗೆ ಕಾಯ್ತಾರಂತೆ. ಅಮ್ಮ, ಅಣ್ಣ ತುಂಬ ಗಲಾಟೆ ಮಾಡ್ತಿದ್ದಾರೆ. ನೀನು ಒಂದೇ ಒಂದು ಸಲ ಫೋನ್ ಮಾಡಿ, ನಾವಿಬ್ರೂ ಒಟ್ಟಿಗೆ ಇರ್ತೀವಿ ಅಂತ ಅಂದ್ಬಿಡು ಸಾಕು. ನಿನ್ನ ಮಾತು ಅಂದ್ರೆ ಅಪ್ಪನಿಗೆ ನಂಬಿಕೆ. ನನ್ನ ಮಾತು ಗೊತ್ತಲ್ಲ, ಮಳೆಗಾಲದ ಹಾಗೆ, ಯಾರೂ ಲೆಕ್ಕಕ್ಕಿಟ್ಕೊಳ್ಳಲ್ಲ.’

ಆಗಲೇ ಹೇಳಬಹುದಿತ್ತು. ‘ನಾನು ಬೇರೆ ರೂಮು ನೋಡಿದ್ದೀನಿ ಕಣೇ, ನನಗೆ ಒಬ್ಬಳೇ ಇರಬೇಕು’ ಎಂಬುದು ಎಷ್ಟು ದೊಡ್ಡ ವಾಕ್ಯ? ಹೇಳಿದ್ದರೆ ಅವಳು ಅಳುತ್ತಿದ್ದಳು, ಜಗಳವಾಡುತ್ತಿದ್ದಳು, ಆರು ದಿನದಲ್ಲಿ ಬೇರೊಬ್ಬ ಹುಡುಗಿಯನ್ನು ಹುಡುಕಿ ಅಪ್ಪನ ಮುಂದೆ ನಿಲ್ಲಿಸುತ್ತಿದ್ದಳು. ಅವಳ ಬಾಯಿಗೆ ಅದೇನು ಕಷ್ಟ? ಆದರೆ ನನಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ರೂಮೂ ಬೇಕು, ಅವಳ ಕಣ್ಣಲ್ಲಿ ಒಳ್ಳೆಯವಳಾಗಿಯೂ ಉಳಿಯಬೇಕು.

‘ಪರೀಕ್ಷೆ ಇದೆ, ಈಗ ಓದ್ಕೋಬೇಕು. ಆಮೇಲೆ ಮಾತಾಡೋಣ’ ಎಂದೆ. ಎದ್ದು ಹೋಗಿ ಲೋಟವನ್ನು ಬೋರಲು ಹಾಕಿದೆ.

ಅವಳ ಬಾಯಿ ಅರ್ಧ ತೆರೆದಿತ್ತು. ಮುಚ್ಚಿಕೊಂಡಳು.

ಆ ಸಂಜೆ ನಾನು ಲೋಟ ತಿರುಗಿಸಲಿಲ್ಲ. ಸೋಮವಾರವೂ ಇಲ್ಲ. ಒಂದು ವರ್ಷದಲ್ಲಿ ಅದು ಒಂದೇ ಸಮನೆ ನಾಲ್ಕೈದು ಗಂಟೆಗಿಂತ ಹೆಚ್ಚು ಬೋರಲಾಗಿದ್ದುದೇ ಇಲ್ಲ. ರೇಡಿಯೋ ಹಾಸಿಗೆಯ ಮೇಲೆ ಕಾಲು ಮಡಚಿ ಕೂತು ಲೋಟವನ್ನೇ ನೋಡುತ್ತಿದ್ದಳು. ನಾನು ಪುಸ್ತಕದ ಪುಟ ತಿರುಗಿಸುತ್ತಿದ್ದೆ, ಅದರಲ್ಲಿ ಏನಿತ್ತೆಂದು ಇವತ್ತಿಗೂ ಗೊತ್ತಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಅದಕ್ಕೆ ಹಾಲಿನ ರುಚಿಯಾದರೂ ಸಿಗುತ್ತದೆ. ನನಗೆ ಅದೂ ಇರಲಿಲ್ಲ.

ಮಂಗಳವಾರ ಎದ್ದಾಗ ನನ್ನ ತಲೆದಿಂಬಿನ ಪಕ್ಕ ಬಿಸಿ ಚಹಾ ಇತ್ತು. ಕುಡಿದೆ. ಥ್ಯಾಂಕ್ಸ್ ಎನ್ನಬೇಕಾದರೆ ಲೋಟ ತಿರುಗಿಸಬೇಕು. ತಿರುಗಿಸಿದರೆ ಅವಳು ಅಪ್ಪನ ಫೋನಿನ ಮಾತು ತೆಗೆಯುತ್ತಾಳೆ. ಅದಕ್ಕೇ ಸುಮ್ಮನೆ ಕುಡಿದು ಕಾಲೇಜಿಗೆ ಹೋದೆ.

ಬುಧವಾರ ಸಂಜೆ ಅವಳು ತಡವಾಗಿ ಬಂದಳು. ಅವತ್ತಿನಿಂದ ಲೋಟದ ಕಡೆ ನೋಡುವುದನ್ನು ಬಿಟ್ಟಳು. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಗುರುವಾರ ಅವಳ ಪುಸ್ತಕಗಳು ಕಪಾಟಿನಿಂದ ಇಳಿದು ದಾರ ಕಟ್ಟಿಸಿಕೊಂಡು ಕೂತವು. ಹೇಗೂ ಎಲ್ಲರೂ ಖಾಲಿ ಮಾಡುವ ತಿಂಗಳು, ಹೊಸ ಮನೆಗೆ ತಯಾರಿ ಮಾಡುತ್ತಿದ್ದಾಳೆ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು.

ಶನಿವಾರ ಸಂಜೆ ಹಾಸ್ಟೆಲಿನ ಹಿಂದಿನ ಕಟ್ಟೆಯ ಮೇಲೆ ಫೋನ್ ಹಿಡಿದು ಕೂತೆ. ಅವಳ ಅಪ್ಪನ ನಂಬರು ನನ್ನಲ್ಲಿತ್ತು. ಒಂದು ಸುಳ್ಳು ಹೇಳಿದರೂ ಸಾಕಿತ್ತು. ‘ಒಟ್ಟಿಗಿರ್ತೀವಿ’ ಅಂದುಬಿಟ್ಟು ಆಮೇಲೆ ಬೇರೆ ಇದ್ದರೆ ಹಾಲಿನ ವ್ಯಾನಿನವರು ದಿನಾ ಬಂದು ತಪಾಸಣೆ ಮಾಡುತ್ತಿದ್ದರೇ? ಆದರೆ ಸುಳ್ಳು ನಿಜವಾಗಿಬಿಟ್ಟರೆ, ಆ ಒಂದು ಮಾತಿಗೆ ಸಿಕ್ಕಿಕೊಂಡು ಮಹಡಿಯ ರೂಮು ಕೈತಪ್ಪಿದರೆ ಎಂದು ಹೆದರಿದೆ. ಕತ್ತಲಾಗುವ ಮೊದಲೇ ಫೋನನ್ನು ಜೇಬಿಗೆ ಹಾಕಿಕೊಂಡು ಒಳಗೆ ಬಂದೆ. ಒಬ್ಬ ಹುಡುಗಿಯ ಓದನ್ನು ನಾನು ಹೀಗೆ ಮುಗಿಸಿದೆ.

ಭಾನುವಾರ ಬೆಳಿಗ್ಗೆ ಹಾಸ್ಟೆಲ್ ಗೇಟಿನಲ್ಲಿ ಹಾಲಿನ ವ್ಯಾನು ನಿಂತಿತ್ತು.

ಅದನ್ನು ಕಿಟಕಿಯಿಂದ ನೋಡಿದ್ದೇ ಓಡಿ ಬಂದು ಲೋಟವನ್ನು ನೆಟ್ಟಗಿಟ್ಟೆ. ಅದರ ಸದ್ದಿಗೆ ರೇಡಿಯೋ ತಿರುಗಿ ನೋಡಿದಳು. ಚಾದರ ಮಡಚುತ್ತಿದ್ದವಳು ಸ್ವಲ್ಪ ನಕ್ಕಳು, ಮತ್ತೆ ಮಡಚತೊಡಗಿದಳು.

‘ಏನಾದ್ರೂ ಮಾತಾಡೇ’ ಎಂದೆ.

‘ಏನಿದೆ ಮಾತಾಡೋಕೆ? ಪರೀಕ್ಷೆ ಚೆನ್ನಾಗಿ ಬರಿ.’

ಅವಳಪ್ಪ ಮೇಲೆ ಬಂದರು. ಪೆಟ್ಟಿಗೆ ಎತ್ತಿಕೊಂಡರು. ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಬೈದಿದ್ದರೆ ಒಳ್ಳೆಯದಿತ್ತು.

‘ಒಂದು ವರ್ಷ ನನ್ನ ಮಗಳನ್ನ ಸಹಿಸ್ಕೊಂಡೆಯಲ್ಲಮ್ಮ, ದೊಡ್ಡ ಉಪಕಾರ’ ಅಂದರು. ‘ನಿನ್ನ ಫೋನ್ ಬರುತ್ತೆ ಅಂತ ಕಾದಿದ್ದೆ. ಬುಧವಾರ ಇವಳೇ ಮಾಡಿ, ಅವಳಿಗೆ ಪರೀಕ್ಷೆ, ತೊಂದರೆ ಕೊಡೋದು ಬೇಡ, ನಾನೇ ಮನೆಗೆ ಬಂದ್ಬಿಡ್ತೀನಿ ಅಂದ್ಲು. ಹೋಗ್ಲಿ ಬಿಡು, ಅವಳಮ್ಮನಿಗೂ ಕೈ ಆಗುತ್ತೆ.’

ಆಗಲೂ ಬಾಯಿ ತೆರೆಯಬಹುದಿತ್ತು. ವ್ಯಾನು ಇನ್ನೂ ಕೆಳಗೆ ನಿಂತಿತ್ತು, ಪೆಟ್ಟಿಗೆ ಇನ್ನೂ ಕೈಯಲ್ಲಿತ್ತು. ‘ಬೇಡ ಅಪ್ಪಾಜಿ, ಅವಳನ್ನ ಬಿಡಿ, ನಾನಿದ್ದೀನಿ’ ಎಂದಿದ್ದರೆ ಸಾಕಿತ್ತು. ಕಣ್ಣ ಮುಂದೆ ಮಹಡಿಯ ರೂಮಿನ ಕಿಟಕಿ ಬಂತು. ನಾನು ಚಾದರದ ಗಂಟನ್ನು ಎತ್ತಿಕೊಂಡು ಅವರ ಹಿಂದೆ ಮೆಟ್ಟಿಲಿಳಿದೆ, ಸಹಾಯ ಮಾಡುವವಳ ಹಾಗೆ.

ವ್ಯಾನಿನೊಳಗೆ ಕೂತ ಮೇಲೆ ರೇಡಿಯೋ ಕೈ ಹೊರಗೆ ಚಾಚಿ ನನ್ನ ಜಡೆಯನ್ನು ಒಮ್ಮೆ ಎಳೆದಳು. ‘ಹೊತ್ತಿಗೆ ಸರಿಯಾಗಿ ತಿನ್ನು ಗೂಬೆ. ಒಬ್ಬಳೇ ಇದ್ರೆ ನೀನು ತಿನ್ನಲ್ಲ’ ಅಂದಳು. ಒಬ್ಬಳೇ ಎಂಬ ಮಾತು ಅವಳ ಬಾಯಲ್ಲಿ ಯಾಕೆ ಬಂತೆಂದು ಆಗ ನನಗೆ ಹೊಳೆಯಲೇ ಇಲ್ಲ. ಖಾಲಿ ಕ್ಯಾನುಗಳು ಒಂದಕ್ಕೊಂದು ಬಡಿಯುವ ಸದ್ದು ತಿರುವಿನವರೆಗೆ ಕೇಳಿಸಿತು.

ತಿಂಗಳ ಕೊನೆಗೆ ನನ್ನ ಎರಡು ಚೀಲ, ಒಂದು ಬಕೆಟ್ಟು ಹೊತ್ತುಕೊಂಡು ಬಡಗಿಯವರ ಮನೆಗೆ ಬಂದೆ. ಮಧ್ಯಾಹ್ನ. ಅವರು ಉಳಿ ಕೆಳಗಿಟ್ಟು, ಮೈಮೇಲಿನ ಹೊಟ್ಟು ಕೊಡವಿಕೊಂಡು, ಬೀಗದ ಕೈ ಹಿಡಿದು ಮೇಲೆ ಬಂದರು. ಬಾಗಿಲು ತೆರೆದು ಮೊದಲು ತೋರಿಸಿದ್ದು ಬಾಗಿಲನ್ನೇ. ಅದರ ಒಳಬದಿಯಲ್ಲಿ ಹೊಳೆಯುವ ಹೊಸ ಚಿಲಕವಿತ್ತು.

‘ನೋಡ್ಕೋಮ್ಮ, ಆಮೇಲೆ ಹಾಕಿಲ್ಲ ಅನ್ಬೇಡ. ನಿನ್ನ ಫ್ರೆಂಡು ನಿಂತು ಹಾಕಿಸಿದ್ದು.’

‘ಯಾವ ಫ್ರೆಂಡು?’

‘ಅದೇ, ಪಟಪಟ ಅಂತ ಮಾತಾಡುತ್ತಲ್ಲ. ಒಂದು ಬುಧವಾರ ಬಂದಿದ್ಲು, ಎರಡು ರೂಮಿನ ಮನೆ ಈ ರಸ್ತೇಲಿ ಇನ್ನೊಂದು ಇದೆಯಾ, ಒಂದು ನೋಡಿದ್ದೀವಿ ಆದ್ರೆ ಒಳಗಿನ ರೂಮು ಕತ್ತಲೆ ಅಂತ ಕೇಳ್ಕೊಂಡು. ಇಲ್ಲಮ್ಮ, ಮೇಲೆ ಒಂದು ರೂಮಿತ್ತು, ನಿಮ್ಮ ಕಾಲೇಜಿನ ಹುಡುಗೀನೇ ತಗೊಂಡ್ಲು ಅಂದೆ. ಹೇಗಿದ್ಲು ಅಂದ್ಲು. ಉದ್ದ ಜಡೆ, ಕೇಳಿದ್ದಕ್ಕೆಲ್ಲ ಹೂಂ ಉಹೂಂ ಅಷ್ಟೇ, ಆದ್ರೆ ರೂಮಲ್ಲಿ ನಿಂತ್ಕೊಂಡು ಒಬ್ಬಳೇ ಕೆಳಗೆ ಕೇಳೋ ಹಾಗೆ ಜೋರಾಗಿ ನಕ್ಲು ಅಂದೆ. ನಕ್ಲಾ ಅಂತ ಎರಡು ಸಲ ಕೇಳಿದ್ಲು. ಆಮೇಲೆ ಕೆಳಗೆ ಆ ಹಲಗೆ ಮೇಲೆ ಕೂತ್ಬಿಟ್ಲು. ನೀರು ಕೊಟ್ಟೆ.’

ನಾನು ಮಂಚದ ಅಂಚಿಗೆ ಕೂತೆ.

‘ಮೇಲೆ ನೋಡ್ಲಾ ಅಂತ ಬಂದು, ನಲ್ಲಿ ತಿರುಗಿಸಿ, ಕಿಟಕಿ ಹಾಕಿ ತೆಗೆದು ಎಲ್ಲ ನೋಡಿದ್ಲು. ಒಳಗಡೆ ಚಿಲಕವೇ ಇಲ್ವಲ್ಲ, ಅವಳಿಗೆ ಚಿಲಕ ಹಾಕ್ಕೊಳ್ದೆ ನೆಮ್ಮದಿ ಇಲ್ಲ ಅಂದ್ಲು. ನಾಳೆ ಹಾಕ್ತೀನಿ ಅಂದೆ. ಬಡಗಿಗಳ ನಾಳೆ ನನಗೆ ಗೊತ್ತು ಅಂತ ಸ್ಕ್ರೂ ಹಿಡ್ಕೊಂಡು ಇಲ್ಲೇ ನಿಂತ್ಬಿಟ್ಲು ಮಾರಾಯ್ತಿ! ಬಡಗಿ ಮನೆಗೇ ಚಿಲಕ ಹಾಕಿಸಿದ ಹುಡುಗಿ.’ ಅವರು ನಗುತ್ತ ಕೆಳಗಿಳಿದು ಹೋದರು.

ರೂಮು ನೋಡಿ ಖುಷಿಪಟ್ಟ ದಿನ ನಾನು ಚಿಲಕ ಇದೆಯೋ ಇಲ್ಲವೋ ಎಂದು ನೋಡಿಯೇ ಇರಲಿಲ್ಲ.

ಬಾಗಿಲು ಹಾಗೇ ತೆರೆದಿಟ್ಟು ಅವಳಿಗೆ ಫೋನ್ ಮಾಡಿದೆ. ಒಂದು ವರ್ಷದಲ್ಲಿ ನಾನಾಗಿ ಅವಳಿಗೆ ಫೋನ್ ಮಾಡಿದ್ದು ಅದೇ ಮೊದಲು. ತುಂಬ ಹೊತ್ತಿಗೆ ಎತ್ತಿದಳು. ಹಿಂದೆ ಎರಡು ಮಕ್ಕಳು ಒಟ್ಟಿಗೇ ಅಳುತ್ತಿದ್ದವು, ಪಾತ್ರೆಯ ಸದ್ದಿತ್ತು, ಯಾರೋ ಯಾರನ್ನೋ ಕೂಗುತ್ತಿದ್ದರು.

‘ಹೇಳು’ ಅಂದಳು.

‘ಹೇಗಿದ್ದೀಯ?’

‘ಚೆನ್ನಾಗಿದ್ದೀನಿ.’

‘ಮನೇಲಿ?’

‘ಎಲ್ಲ ಚೆನ್ನಾಗಿದ್ದಾರೆ.’

ಅವಳ ಬಾಯಿಂದ ಎರಡೆರಡೇ ಮಾತು ಬೀಳುವುದನ್ನು ಕೇಳಲಾರದೆ ನಾನೇ ಮಾತಾಡತೊಡಗಿದೆ. ರೂಮಿನ ಬಗ್ಗೆ, ಕಿಟಕಿಯ ಬಗ್ಗೆ, ಪರೀಕ್ಷೆ ಕೆಟ್ಟದ್ದರ ಬಗ್ಗೆ, ಬಕೆಟ್ಟಿನ ಹಿಡಿ ಮುರಿದದ್ದರ ಬಗ್ಗೆ. ಮಾತು ನಿಲ್ಲಿಸಿದರೆ ಅತ್ತುಬಿಡುತ್ತೇನೆಂದು ಗೊತ್ತಿತ್ತು. ಅವಳು ಹೂಂಗುಟ್ಟುತ್ತಿದ್ದಳು. ಕೊನೆಗೆ ನನ್ನ ಮಾತು ಮುಗಿದುಹೋಯಿತು.

‘ನಿನಗೆ ಗೊತ್ತಿತ್ತು’ ಎಂದೆ. ‘ಗೊತ್ತಿದ್ದೂ ಯಾಕೆ ಕೇಳಲಿಲ್ಲ? ಬಂದು ಬೈಬಹುದಿತ್ತಲ್ಲ. ನನ್ನ ಜೊತೆ ಇರು ಅಂತ ಒಂದು ಸಲ ಕೇಳಬಹುದಿತ್ತಲ್ಲ.’

ಆ ಕಡೆ ಅವಳು ಮಗುವನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಿರಬೇಕು, ಅಳು ಹತ್ತಿರ ಬಂತು, ಸಣ್ಣದಾಯಿತು.

‘ಕೇಳಿದ್ರೆ ನೀನು ಹೂಂ ಅಂದ್ಬಿಡ್ತಿದ್ದೆ ಕಣೇ’ ಅಂದಳು. ‘ನಿನ್ನ ಗುಣ ನನಗೆ ಗೊತ್ತಿಲ್ವಾ? ನನಗೋಸ್ಕರ ಆ ರೂಮು ಬಿಟ್ಬಿಡ್ತಿದ್ದೆ. ಅಷ್ಟು ಖುಷಿಯಾಗಿ ನಕ್ಕಿದ್ದೀಯಂತೆ. ಅದನ್ನ ಹೇಗೆ ಕಿತ್ಕೊಳ್ಳಲಿ?’

ಉತ್ತರ ಕೊಡಲು ಬಾಯಿ ತೆರೆದೆ. ಇಲ್ಲ ಕಣೇ, ನಾನು ಹೂಂ ಅನ್ನುತ್ತಿರಲಿಲ್ಲ, ನೀನು ಕಾಲು ಹಿಡಿದು ಕೇಳಿದ್ದರೂ ಅನ್ನುತ್ತಿರಲಿಲ್ಲ, ನೀನಂದುಕೊಂಡ ಆ ಹುಡುಗಿ ನಾನಲ್ಲ. ಇಷ್ಟನ್ನು ಹೇಳುವ ಋಣ ನನ್ನ ಮೇಲಿತ್ತು. ಆದರೆ ಅವಳ ಪಾಲಿಗೆ ಈಗ ಉಳಿದಿದ್ದುದು ಆ ಒಂದು ನಂಬಿಕೆ ಮಾತ್ರ. ಅದನ್ನು ಉಳಿಸಲು ಸುಮ್ಮನಿದ್ದೆನೋ, ನನ್ನ ಮುಖ ಉಳಿಸಿಕೊಳ್ಳಲು ಸುಮ್ಮನಿದ್ದೆನೋ, ನಿಜವಾಗಿಯೂ ಗೊತ್ತಿಲ್ಲ.

‘ಹೂಂ’ ಎಂದೆ.

‘ನೋಡಿದ್ಯಾ’ ಅಂದಳು, ಧ್ವನಿಯಲ್ಲಿ ಸ್ವಲ್ಪ ಹಳೆಯ ನಗುವಿತ್ತು. ಅಷ್ಟರಲ್ಲಿ ಒಳಗಿನಿಂದ ಅವಳನ್ನು ಯಾರೋ ಕೂಗಿದರು. ‘ಬಂದೆ ಅತ್ತಿಗೆ’ ಅಂದು ಫೋನ್ ಇಟ್ಟಳು.